ತಲೆ ಅಲ್ಲಿ, ಬಾಲ ಇಲ್ಲಿ

“ನೀನು ಬಂದ್ರೆ ಸಿಂಹ ಬರಲ್ಲ. ಸಿಂಹ ಬರ್ಬೇಕು ಅಂದ್ರೆ ನೀನು ಬರ್ಬಾರ್ದು. ಎರಡರಲ್ಲಿ ಯಾವುದು ಬೇಕು ಅಂತ ಈಗ್ಲೇ ಹೇಳ್ಬಿಡು ಗುರು, ಮುಂದಿನ ಸ್ಟೇಶನ್‌ನಲ್ಲಿ ಇಳಿದು ವಾಪಸ್ ಹೋಗ್ಬೋದು,” ಎಂದ ಜಯದೇವ.

ರೈಲು ಜಪಾನಿನ ಕಾಶಿವಾ ಊರಿನ ಕಡೆಗೆ ಓಡುತ್ತಿತ್ತು. ಭಾನುವಾರದ ಬೋಗಿಯಲ್ಲಿ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಮಾತಾಡುತ್ತಿದ್ದವರೆಂದರೆ ಎಡೋಗಾವಾದ ಒಂದೇ ಕಟ್ಟಡದಿಂದ ಹೊರಟ ಈ ನಾಲ್ಕು ಜನ, ಅದರಲ್ಲೂ ಮೂವರ ಪಾಲಿನ ಮಾತನ್ನು ಪಕ್ಕದ ಮನೆಯ ಜಯದೇವನೇ ಆಡಿ ಮುಗಿಸುತ್ತಿದ್ದ.

ಬಂಡೀಪುರಕ್ಕೆ ಹನ್ನೊಂದು ಸಲ, ನಾಗರಹೊಳೆಗೆ ಏಳು ಸಲ ಹೋಗಿ ಬಂದ ಆಸಾಮಿ ಗುರುರಾಜ. ಅಷ್ಟೂ ಸಲ ಸೇರಿ ಕಂಡ ಹುಲಿ ಒಂದೇ, ಅದೂ ಅರಣ್ಯ ಇಲಾಖೆಯ ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆದದ್ದು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋದಾಗ ನಿಜವಾದ ಹುಲಿಯೇ ಜೀಪಿನ ಮುಂದೆ ಹಾದುಹೋಗಿತ್ತು. ಆಗ ಗುರುರಾಜ ಸೀಟಿನ ಕೆಳಗೆ ಬಿದ್ದ ಕ್ಯಾಮೆರಾ ಮುಚ್ಚಳ ಹುಡುಕುತ್ತಿದ್ದ. “ಹುಲಿ ನಿಂತು ನೋಡ್ತು, ನಮ್ಮವರು ಬಗ್ಗಿಕೊಂಡು ಮುಚ್ಚಳ ನೋಡ್ತಿದ್ರು,” ಎಂದು ವೇದವಲ್ಲಿ ಹದಿನಾಲ್ಕು ವರ್ಷಗಳಿಂದ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಇಂಥ ಗುರುರಾಜನ ತಲೆಗೆ ಮೂರು ವರ್ಷಗಳಿಂದ ಒಂದು ಮರುಭೂಮಿ ಹೊಕ್ಕಿತ್ತು. ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾ ಎರಡೂ ಕೂಡಿ ನೋಡಿಕೊಳ್ಳುವ ವನ್ಯಧಾಮ ಅದು. ನಡುವೆ ಬೇಲಿ ಇಲ್ಲ. ಒಣಗಿ ಬಿದ್ದ ಒಂದು ನದಿಯ ಪಾತ್ರವೇ ಗಡಿ. ಪ್ರಾಣಿಗಳು ಬೆಳಿಗ್ಗೆ ಒಂದು ದೇಶದಲ್ಲಿ ಮೇದು ಸಂಜೆ ಇನ್ನೊಂದು ದೇಶದಲ್ಲಿ ಮಲಗುತ್ತವೆ, ಯಾರೂ ಕೇಳುವುದಿಲ್ಲ. ಆ ಜಾಗದ ಹೆಸರು ನಮ್ಮವರ ನಾಲಿಗೆಗೆ ಒಗ್ಗುವಂಥದ್ದಲ್ಲ, ಗುರುರಾಜನ ಬಾಯಲ್ಲಿ ಅದು ಕಲಗಾಡಿ ಆಗಿತ್ತು. ಬಾಯಾರಿದ ನೆಲ ಎಂದು ಅದರ ಅರ್ಥವಂತೆ. ಹಾಗೆಂದು ಅವನು ವಿವರಿಸಿದಾಗಲೆಲ್ಲ ವೇದವಲ್ಲಿ, “ಅದ್ಯಾವ ಗಾಡಿನೋ ಏನೋ, ಮೊದ್ಲು ನೀರು ಕುಡೀರಿ,” ಎನ್ನುತ್ತಿದ್ದಳು.

ಡಿಸೆಂಬರ್ ರಜೆಗೆ ಅಲ್ಲಿಗೇ ಹೋಗೋಣವೆಂದು ಅವನು, ಹಕೋನೆಯ ಬಿಸಿನೀರಿನ ಬುಗ್ಗೆಗೆ ಹೋಗಿ ಹಾಯಾಗಿ ಕೂರೋಣವೆಂದು ಅವಳು. ಕೊನೆಗೆ ವೇದವಲ್ಲಿಯೇ ಒಂದು ಷರತ್ತು ಹಾಕಿದಳು. ಕಾಶಿವಾದ ವಿಶ್ವವಿದ್ಯಾಲಯದ ಸಂಶೋಧನಾ ಆವರಣ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ತೆರೆದಿರುತ್ತದೆ. ಅಲ್ಲಿನ ಒಂದು ಪ್ರಯೋಗಾಲಯದವರು ಆ ಮರುಭೂಮಿಯ ನೀರಿನ ಹೊಂಡವೊಂದರ ಬಳಿ, ನದಿಯ ಈ ದಡಕ್ಕೊಂದು ಆ ದಡಕ್ಕೊಂದು ಕ್ಯಾಮೆರಾ ನೆಟ್ಟಿದ್ದಾರೆ. ಅಲ್ಲಿ ನಡೆಯುವುದನ್ನು ನಡೆಯುತ್ತಿರುವಾಗಲೇ ಇಲ್ಲಿನ ಗುಮ್ಮಟದೊಳಗೆ ಆಕಾಶದಷ್ಟು ಅಗಲಕ್ಕೆ ತೋರಿಸುತ್ತಾರೆ.

“ಅಲ್ಲಿ ನೀವು ಒಂದೇ ಒಂದು ಸಿಂಹ ನೋಡಿ ಸಾಕು, ಡಿಸೆಂಬರ್‌ಗೆ ಆಫ್ರಿಕಾ. ಪರದೆ ಮೇಲೂ ನಿಮಗೆ ಕಾಣ್ಲಿಲ್ಲ ಅಂದ್ರೆ, ಅಷ್ಟು ದೂರ ಹೋಗಿ ಮರಳು ನೋಡ್ಕೊಂಡು ಬರೋದಕ್ಕೆ ನಾನು ಬರಲ್ಲ,” ಎಂದಿದ್ದಳು. ಜಯದೇವನನ್ನು ಯಾರೂ ಕರೆದಿರಲಿಲ್ಲ. ಲಿಫ್ಟಿನಲ್ಲಿ ವಿಷಯ ಕಿವಿಗೆ ಬಿದ್ದದ್ದೇ ಸಾಕ್ಷಿಗೆ ಒಬ್ಬರು ಬೇಕಲ್ಲ ಎಂದು ಹೊರಟು ಬಂದಿದ್ದ.

ಗುಮ್ಮಟದ ಬಾಗಿಲಲ್ಲಿ ಚೀಟಿ ಎತ್ತಿಸಿ ಅಂಗೈಯಗಲದ ಕಾಗದದ ಪಾಸ್‌ಪೋರ್ಟ್ ಕೊಡುತ್ತಿದ್ದರು. ಒಳಗೆ ನೆಲದ ನಡುವೆ ಉದ್ದಕ್ಕೆ ಬಿಳಿ ಟೇಪು ಅಂಟಿಸಿತ್ತು. ಅದೇ ಒಣನದಿ. ಎಡಕ್ಕೆ ಕೂತವರು ಬೋಟ್ಸ್ವಾನಾ, ಬಲಕ್ಕೆ ಕೂತವರು ದಕ್ಷಿಣ ಆಫ್ರಿಕಾ. ಟೇಪು ದಾಟಬೇಕಾದರೆ ಬಾಗಿಲ ಪರದೆಯ ಹೊರಗಿನ ಮೇಜಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬರಬೇಕು. ಮಕ್ಕಳ ಖುಷಿಗೆಂದು ಮಾಡಿದ ನಿಯಮ, ಆದರೆ ಜಪಾನಿನಲ್ಲಿ ಆಟದ ನಿಯಮವೂ ನಿಯಮವೇ. ಬೋಟ್ಸ್ವಾನಾದ ಒಬ್ಬ ಅಜ್ಜಿಯ ಕರವಸ್ತ್ರ ಹಾರಿ ಟೇಪಿನ ಆಚೆಗೆ ಬಿತ್ತು. ಅಜ್ಜಿ ಕೈ ಚಾಚಲಿಲ್ಲ. ದಕ್ಷಿಣ ಆಫ್ರಿಕಾದ ಮಹನೀಯರೊಬ್ಬರು ಅದನ್ನೆತ್ತಿ ಎರಡು ಕೈಯಲ್ಲಿ ಹಿಡಿದು, ಬಾಗಿ, ಗಡಿಯ ಮೇಲೆ ಹಸ್ತಾಂತರಿಸುವವರೆಗೂ ಕಾದಳು.

ಚೀಟಿಯಲ್ಲಿ ಗುರುರಾಜ, ಜಯದೇವರಿಗೆ ಬೋಟ್ಸ್ವಾನಾ ಬಂತು. ವೇದವಲ್ಲಿಗೂ ಎಂಟು ವರ್ಷದ ಮಗಳು ಸ್ಫೂರ್ತಿಗೂ ದಕ್ಷಿಣ ಆಫ್ರಿಕಾ. ಒಳಗೆ ಹೋಗುವ ಮೊದಲು ಪಾಸ್‌ಪೋರ್ಟಿಗೆ ಆಗಮನದ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಸಿಂಹದ ಆತುರದಲ್ಲಿ ಗುರುರಾಜ ಅದನ್ನು ಗಮನಿಸದೆ ನುಗ್ಗಿಬಿಟ್ಟ.

“ಇಂಡಿಯಾ ಬಿಟ್ಟು ಜಪಾನ್‌ಗೆ ಬಂದಿದ್ದಾಯ್ತು. ಈಗ ಗಂಡ ಒಂದು ದೇಶ, ಹೆಂಡ್ತಿ ಒಂದು ದೇಶ,” ಎಂದ ಜಯದೇವ, ಟೇಪಿನ ಪಕ್ಕದಲ್ಲೇ ಜಾಗ ಹಿಡಿಯುತ್ತ.

ಮೊರಿತಾ ಸಾನ್ ಎಂಬ ಸಂಶೋಧಕಿ ಮುಂದೆ ಬಂದು ಬಾಗಿ ನಮಸ್ಕರಿಸಿ ಜಪಾನಿಯಲ್ಲಿ ಮೆಲ್ಲಗೆ ಏನೇನೋ ಹೇಳಿದಳು. ಐದು ವರ್ಷದಲ್ಲಿ ಗುರುರಾಜ ಕಲಿತ ಜಪಾನಿ ಆಫೀಸಿನ ಮೀಟಿಂಗಿಗೆ ಸಾಕಾಗುವಷ್ಟು. ಅವಳ ಮಾತಿನಲ್ಲಿ ಅವನಿಗೆ ಸಿಕ್ಕಿದ ಪದ ‘ಕ್ಯಾಮೆರಾ’ ಒಂದೇ. ಉಳಿದದ್ದಕ್ಕೆಲ್ಲ ‘ಹೈ’ ಎಂದು ತಲೆಯಾಡಿಸಿದ.

ದೀಪಗಳು ಆರಿದವು.

ಕಾಶಿವಾದಲ್ಲಿ ಆಗ ಮಧ್ಯಾಹ್ನ ಒಂದು ಗಂಟೆ ಸಮೀಪ, ಅಲ್ಲಿ ಬೆಳಗಿನ ಆರು. ತಲೆಯ ಮೇಲೆ ಕತ್ತಲು ನಿಧಾನವಾಗಿ ಬೂದಿಯ ಬಣ್ಣಕ್ಕೆ ತಿರುಗಿತು, ಬೂದಿಯೊಳಗಿಂದ ಕೆಂಡದಂಥ ಒಂದು ಗೆರೆ ಎದ್ದಿತು. ಆಮೇಲೆ ಮರಳು. ಕುಂಕುಮಕ್ಕೆ ಅರಿಸಿನ ಬೆರೆಸಿದಂಥ ಬಣ್ಣದ ದಿಬ್ಬಗಳು ಒಂದರ ಹಿಂದೆ ಒಂದು, ಯಾರೋ ಮಲಗಿ ಉಸಿರಾಡುತ್ತಿರುವಂತೆ, ಕಣ್ಣು ಹೋದಷ್ಟು ದೂರಕ್ಕೂ. ಗಾಳಿ ಬೀಸಿದರೆ ದಿಬ್ಬದ ನೆತ್ತಿಯಿಂದ ಮರಳು ಹೊಗೆಯ ಹಾಗೆ ಏಳುತ್ತಿತ್ತು. ಅಷ್ಟು ಅಗಲದ ಜಾಗದಲ್ಲಿ ಒಂದು ಮನೆಯಿಲ್ಲ, ಒಂದು ಕಂಬವಿಲ್ಲ, ಒಬ್ಬ ಮನುಷ್ಯನಿಲ್ಲ. ಎಡೋಗಾವಾದ ಎರಡು ಕೋಣೆ ಮನೆಯಲ್ಲಿ ಕಾಲು ಚಾಚಿದರೆ ಫ್ರಿಜ್ಜು ತಗಲುವ ಗುರುರಾಜ ಇದ್ದಕ್ಕಿದ್ದಂತೆ ಎರಡೂ ಕಾಲನ್ನು ಉದ್ದಕ್ಕೆ ಚಾಚಿದ. ಜಯದೇವ ಕೂಡ ಬಾಯಿ ಮುಚ್ಚಿದ್ದ. ಅದೂ ಒಂದು ವಿಸ್ಮಯವೇ.

ಹೊಂಡಕ್ಕೆ ಜಿಂಕೆಗಳು ಬಂದವು. ಒಂದು ಮರಿ ನಿಂತಲ್ಲೇ ಪುಟಿದು, ಮರಳನ್ನು ಮುಟ್ಟಿ, ಮತ್ತೆ ಪುಟಿಯಿತು. ಅದನ್ನು ಅಪ್ಪನಿಗೆ ತೋರಿಸಬೇಕೆಂದು ಸ್ಫೂರ್ತಿ ಎದ್ದು ಟೇಪಿನ ಕಡೆಗೆ ಓಡಿ ಬಂದಳು. ಕತ್ತಲಲ್ಲಿ ಯಾರ ಕಾಲಾದರೂ ತುಳಿದಾಳೆಂದು ಗುರುರಾಜ ಅಂಗೈ ಮುಂದೆ ಚಾಚಿ ತಡೆದ.

“ಇರು, ಇರು.”

ಬೋಟ್ಸ್ವಾನಾಕ್ಕೆ ಬೋಟ್ಸ್ವಾನಾವೇ ಅತ್ತ ವಾಲಿತು. ನಲವತ್ತು ಜನ ಅವನ ಅಂಗೈ ತೋರಿದ ದಿಕ್ಕಿಗೆ ಕತ್ತು ಚಾಚಿದರು. ಕರವಸ್ತ್ರದ ಅಜ್ಜಿ ಚೀಲದಿಂದ ದುರ್ಬೀನು ತೆಗೆದು ಪರದೆಗೆ ಹಿಡಿದಳು. ಮೊರಿತಾ ಸಾನ್‌ಳ ಬೆರಳು ಗುಂಡಿ ಒತ್ತಿತು, ಎರಡೂ ದಡದ ಕ್ಯಾಮೆರಾ ಒಟ್ಟಿಗೇ ಹೊರಳಿ ಮರುಭೂಮಿ ಗರ್ರನೆ ಬಲಕ್ಕೆ ತಿರುಗಿತು.

ಅಲ್ಲಿ ಒಂದು ಜಾಲಿಮರವಿತ್ತು. ಮರದ ಮೇಲೆ ಯಾರೋ ಹುಲ್ಲಿನ ಬಣವೆಯನ್ನೇ ಎತ್ತಿಟ್ಟಂತಿತ್ತು. ನೋಡುತ್ತ ನೋಡುತ್ತ ಆ ಬಣವೆಯ ತಳದಿಂದ ಒಂದು ಹಕ್ಕಿ ಹಾರಿತು, ಹತ್ತು ಹಾರಿದವು, ನೂರಾರು ಹಾರಿದವು. ನಮ್ಮ ಗೀಜಗನ ದಾಯಾದಿಗಳು. ಅದು ಅಷ್ಟೂ ಹಕ್ಕಿಗಳ ಒಂದೇ ಮನೆ, ತಲೆಮಾರುಗಳಿಂದ ಕಟ್ಟುತ್ತಲೇ ಇರುವ ಮನೆ ಎಂದು ಮೊರಿತಾ ಸಾನ್ ಪಿಸುಗುಟ್ಟಿದಳು. ಗುಮ್ಮಟದ ಎರಡೂ ದೇಶಗಳಿಂದ ಒಂದೇ ಉದ್ಗಾರ ಹೊರಟಿತು. ಸುತ್ತಲಿನವರು ಗುರುರಾಜನತ್ತ ತಿರುಗಿ, “ಅರಿಗಾತೋ,” ಎಂದು ಬಾಗಿದರು.

“ನಿನಗೆ ಯಾಕೋ ಥ್ಯಾಂಕ್ಸ್?” ಎಂದ ಜಯದೇವ.

“ಗೊತ್ತಿಲ್ಲ. ಮಗುನ ಹಿಡಿದು ನಿಲ್ಲಿಸಿದ್ದಕ್ಕಿರ್ಬೇಕು. ಇವರಿಗೆ ಡಿಸಿಪ್ಲಿನ್ ಅಂದ್ರೆ ಇಷ್ಟ,” ಎಂದು ಗುರುರಾಜನೂ ಬಾಗಿದ.

ಕ್ಯಾಮೆರಾ ಹೊಂಡಕ್ಕೆ ಮರಳಿತು. ಈಗ ಅಲ್ಲಿ ದೊಡ್ಡ ಪ್ರಾಣಿಗಳು ಬಂದಿದ್ದವು. ಮುಖಕ್ಕೆ ಕಪ್ಪು ಬಿಳುಪು ಬಳಿದುಕೊಂಡು, ಭರ್ಜಿಯಂಥ ನೇರ ಕೊಂಬು ಹೊತ್ತ ಓರಿಕ್ಸ್‌ಗಳು. ನೀರಿಗೆ ಮೂತಿ ಇಟ್ಟಿದ್ದ ಅಷ್ಟೂ ಪ್ರಾಣಿಗಳು ಒಮ್ಮೆಲೇ ತಲೆ ಎತ್ತಿ ಎಡಕ್ಕೆ ನೋಡುತ್ತ ಕಲ್ಲಾಗಿ ನಿಂತವು. ಅವು ನಿಂತ ರೀತಿಗೆ ಗುಮ್ಮಟದಲ್ಲಿದ್ದವರ ಉಸಿರೂ ನಿಂತಿತು. ಗುರುರಾಜ ಮುಂದಕ್ಕೆ ಬಾಗಿದ. ಬರುತ್ತಿದೆ. ಹದಿನೆಂಟು ಸಲ ತಪ್ಪಿಸಿಕೊಂಡದ್ದು ಈಗ ಬರುತ್ತಿದೆ.

“ರೀ,” ಎಂದು ಟೇಪಿನ ಆಚೆಯಿಂದ ಪಿಸುಮಾತು ಬಂತು. “ಏಸಿ ತುಂಬಾ ಆಯ್ತು. ಬ್ಯಾಗಲ್ಲಿ ಮಗು ಸ್ವೆಟರ್ ಇದೆ, ಕೊಡಿ.”

ಪರದೆಯಿಂದ ಕಣ್ಣು ಕೀಳದೆ ಗುರುರಾಜ ಅವಳ ಕಡೆಗೆ ಕೈಯಾಡಿಸಿದ. “ಇರು ವೇದಾ, ಇರು, ಇರು.”

ಗರ್ರ್. ಮರುಭೂಮಿ ಮತ್ತೆ ಬಲಕ್ಕೆ ತಿರುಗಿತು. ಜಾಲಿಮರ, ಬಣವೆ, ಖಾಲಿ ಆಕಾಶ. ನಲವತ್ತು ಜನ ಕಣ್ಣು ಕಿರಿದು ಮಾಡಿಕೊಂಡು ಇಲ್ಲದ ಪ್ರಾಣಿಯನ್ನು ಶ್ರದ್ಧೆಯಿಂದ ಹುಡುಕಿದರು. ಅಜ್ಜಿ ದುರ್ಬೀನಿನ ಗಾಜು ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಅರ್ಧ ನಿಮಿಷ ಕಳೆದು ಕ್ಯಾಮೆರಾ ಹೊಂಡಕ್ಕೆ ಮರಳಿದಾಗ ಓರಿಕ್ಸ್‌ಗಳು ಇರಲಿಲ್ಲ. ಒದ್ದೆ ಮರಳಿನ ಮೇಲೆ, ಊಟದ ತಟ್ಟೆಯಷ್ಟು ಅಗಲದ ಹೆಜ್ಜೆಗುರುತುಗಳು ಎಡದಿಂದ ಬಂದು ನೀರು ಮುಟ್ಟಿ ದಿಬ್ಬದ ಕಡೆಗೆ ಹೋಗಿದ್ದವು. ಒಂದರಲ್ಲಿ ನೀರು ಇನ್ನೂ ಒಸರಿ ತುಂಬುತ್ತಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಲವತ್ತು ಜನ ಸಾವಿನ ಮನೆಗೆ ಬಂದವರಂತೆ ತಲೆ ತಗ್ಗಿಸಿದರು. ಅಜ್ಜಿಯಂತೂ ಗುರುರಾಜನ ಮೊಣಕೈ ಸವರಿ ಸಮಾಧಾನ ಹೇಳಿದಳು.

ಟೇಪಿನ ಆ ಕಡೆಯಿಂದ ವೇದವಲ್ಲಿ ಹಣೆ ಚಚ್ಚಿಕೊಂಡಳು. “ರೀ, ಜಪಾನೀಸಲ್ಲಿ ‘ಇರು’ ಅಂದ್ರೆ ‘ಇದೆ’ ಅಂತ. ಪ್ರಾಣಿ ಕಂಡ್ರೆ ‘ಇರು’ ಅನ್ನಿ, ಕೈ ತೋರಿಸಿದ ಕಡೆ ಕ್ಯಾಮೆರಾ ತಿರುಗಿಸ್ತೀನಿ ಅಂತ ಅವ್ರು ಮೊದ್ಲೇ ಹೇಳಿದ್ರಲ್ಲ. ನೀವು ಹೈ ಹೈ ಅಂತ ತಲೆ ಬೇರೆ ಆಡಿಸಿದ್ರಿ.”

“‘ಇದೆ’ ಅನ್ನೋಕೆ ‘ಇಮಾಸು’ ಅಲ್ವಾ? ಕ್ಲಾಸಲ್ಲಿ ಹಾಗೇ ಹೇಳ್ಕೊಟ್ಟಿದ್ದು.”

“ಅದು ನಿಮ್ಮ ಆಫೀಸ್‌ಗೆ. ಮನೆ ಜನ, ಮಕ್ಕಳು ಎಲ್ಲ ‘ಇರು’ನೇ ಅನ್ನೋದು. ಸ್ವಂತ ಮಗಳ ಬಾಯಲ್ಲಿ ದಿನಾ ಕೇಳಿಲ್ವಾ?”

ಗುರುರಾಜ ಮಗಳನ್ನು ನೋಡಿದ. ಜಪಾನಿಯಲ್ಲಿ ಆಡಿ, ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಕನ್ನಡದಲ್ಲಿ ಬೈಸಿಕೊಳ್ಳುವ ಹುಡುಗಿ ಅದು. ಇವಳಿಂದ ಇನ್ನೊಂದು ಅನಾಹುತ ಆಗಬಾರದು. “ಸ್ಫೂರ್ತಿ, ಕೇಳು. ಇವತ್ತು ಮನೆ ಸೇರೋ ತನಕ ನನ್ನ ಹತ್ರ ಕನ್ನಡ ಮಾತ್ರ. ನೋ ಜಪಾನೀಸ್. ಗೊತ್ತಾಯ್ತಾ?”

“ಹೈ.”

“ಹೈ ಅಲ್ಲ, ಹೂಂ.”

“ಹೂಂ,” ಎಂದಳು ಸ್ಫೂರ್ತಿ, ಇಂಗ್ಲಿಷಿನ ಧಾಟಿಯಲ್ಲಿ.

“ಒಂದು ಕೆಲ್ಸ ಮಾಡು ಗುರು,” ಎಂದು ಜಯದೇವ ಕಿವಿಯ ಬಳಿ ಬಂದ. “ನೀನು ಈ ದೇಶ ಬಿಟ್ಟು ಆ ಕಡೆ ಹೋಗಿ ಹೆಂಡ್ತಿ ಪಕ್ಕ ಕೂತ್ಕೋ. ಕೈ ಬಾಯಿ ಎರಡೂ ಅವ್ರು ಹಿಡ್ಕೋತಾರೆ. ಇಷ್ಟು ಜನರ ಶಾಪ ಯಾಕೆ?”

ಮಾತು ಸರಿ ಅನ್ನಿಸಿತು. ಗುರುರಾಜ ಬಗ್ಗಿಕೊಂಡೇ ಬಾಗಿಲ ಪರದೆ ಸರಿಸಿ ಹೊರಗೆ ಹೋದ.

ಗಡಿಯ ಮೇಜಿನಲ್ಲಿ ಓಗಾವಾ ಸಾನ್ ಎಂಬ ಹಿರಿಯರು ಕೂತಿದ್ದರು. ಮೂವತ್ತೆಂಟು ವರ್ಷ ನಿಜವಾದ ವಲಸೆ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿ, ಈಗ ಸ್ವಯಂಸೇವಕರಾಗಿ ಬಂದಿದ್ದವರು. ಅವರ ಎದುರು ನಿಂತದ್ದೇ ತಡ, ಗುರುರಾಜನ ಕೈ ಐದು ವರ್ಷದ ಅಭ್ಯಾಸದಿಂದ ತಾನಾಗಿಯೇ ಜೇಬಿಗೆ ಹೋಗಿ ರೆಸಿಡೆನ್ಸ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಿತು. ಓಗಾವಾ ಸಾನ್ ಅದನ್ನು ನಯವಾಗಿ ಹಿಂದಕ್ಕೆ ಸರಿಸಿ ಕಾಗದದ ಪಾಸ್‌ಪೋರ್ಟನ್ನು ತೆರೆದರು. ಹಾಳೆ ತಿರುವಿದರು. ಮತ್ತೊಮ್ಮೆ ತಿರುವಿದರು. ಕನ್ನಡಕ ಸರಿಮಾಡಿಕೊಂಡರು.

“ಸುಮಿಮಾಸೆನ್,” ಎಂದು ಕ್ಷಮೆ ಕೇಳಿ ಶುರುಮಾಡಿ, ಬಿಡಿಬಿಡಿ ಇಂಗ್ಲಿಷಿನಲ್ಲಿ ಅವರು ವಿವರಿಸಿದ್ದರ ಸಾರಾಂಶ ಇಷ್ಟು: ತಾವು ಬೋಟ್ಸ್ವಾನಾದೊಳಗೆ ಬಂದ ಮುದ್ರೆ ಇದರಲ್ಲಿಲ್ಲ. ಬರದೇ ಇರುವ ದೇಶದಿಂದ ತಾವು ಹೊರಗೆ ಹೋಗುವುದು ಹೇಗೆ?

“ನಾನು ಅಲ್ಲೇ ಕೂತಿದ್ದೆ,” ಎಂದ ಗುರುರಾಜ.

ಓಗಾವಾ ಸಾನ್ ಮರುಗಿ ತಲೆಯಾಡಿಸಿದರು. ಅವರ ಮುಖ ನೋಡಿದರೆ, ಆ ಮೂವತ್ತೆಂಟು ವರ್ಷವೂ ಎಲ್ಲರೂ ಅವರಿಗೆ ಇದನ್ನೇ ಹೇಳಿದ್ದಂತಿತ್ತು. ಡ್ರಾಯರಿನಿಂದ ಒಂದು ಅರ್ಜಿ ತೆಗೆದರು. ಮಕ್ಕಳಿಗೆಂದು ಮಾಡಿದ್ದು, ಮೂಲೆಯಲ್ಲಿ ನಗುವ ಆಮೆಯ ಚಿತ್ರವಿತ್ತು. ಹೆಸರು, ಊರು, ಇಷ್ಟದ ಪ್ರಾಣಿ. ಗುರುರಾಜ ಬರೆದ: ಸಿಂಹ. ಓಗಾವಾ ಸಾನ್ ಮುದ್ರೆಯನ್ನು ಶಾಯಿಗೆ ಒತ್ತಿ, ಎತ್ತಿ ನೋಡಿ, ಸರಿಯಾಗಿ ಹತ್ತಿಲ್ಲವೆಂದು ಬಟ್ಟೆಯಿಂದ ಒರೆಸತೊಡಗಿದರು.

ಆಗಲೇ ಪರದೆಯ ಸಂದಿಯಿಂದ ಸ್ಫೂರ್ತಿಯ ತಲೆ ಹೊರಬಂತು. ಕಣ್ಣು ಎರಡೂ ದೀಪ ಹಚ್ಚಿಟ್ಟ ಹಾಗಿದ್ದವು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಅಪ್ಪಾ,” ಎಂದಳು ಪಿಸುದನಿಯಲ್ಲಿ. “ಇರು. ಇರು, ಇರು.”

ಗುರುರಾಜನ ಹೃದಯ ತುಂಬಿ ಬಂತು. ಹೇಳಿ ಹತ್ತು ನಿಮಿಷ ಆಗಿಲ್ಲ, ಮಗು ಕನ್ನಡಕ್ಕೆ ಬಂದಿದೆ. ಅದೂ ಎಂಥ ಅಪ್ಪಟ ಉಚ್ಚಾರಣೆ, ಮೈಸೂರಿನಲ್ಲಿ ಹುಟ್ಟಿದ ಹಾಗೆ. “ಆಯ್ತು ಮರಿ, ಇರ್ತೀನಿ. ಅವಸರ ಇಲ್ಲ. ಅಮ್ಮನಿಗೆ ಹೇಳು, ಅಪ್ಪ ಇಲ್ಲೇ ಇರ್ತಾರೆ ಅಂತ.”

“ಇರು,” ಎಂದಳು ಮಗು ಮತ್ತೊಮ್ಮೆ, ಇನ್ನೇನು ಅತ್ತೇಬಿಡುವವಳಂತೆ. ತಲೆ ಒಳಗೆ ಹೋಯಿತು.

“ಮೈ ಡಾಟರ್,” ಎಂದ ಗುರುರಾಜ ಓಗಾವಾ ಸಾನ್‌ಗೆ, ಎದೆಯುಬ್ಬಿಸಿ. “ಸ್ಪೀಕಿಂಗ್ ಕನ್ನಡ.”

ಅವನು ಇದ್ದ. ಚೆನ್ನಾಗಿಯೇ ಇದ್ದ. ಮುದ್ರೆ ಬಿದ್ದ ಮೇಲೂ ಕದಲದೆ, ಗೋಡೆಗೆ ಒರಗಿ ಮುಗುಳ್ನಗುತ್ತ ನಿಂತೇ ಇದ್ದ. ಹಿಂದೆ ಬಂದ ಇಬ್ಬರನ್ನು ದಾರಿ ಬಿಟ್ಟು ಒಳಗೆ ಕಳಿಸಿದ. ಒಳಗಿನಿಂದ ಒಂದು ಸದ್ದೂ ಬರುತ್ತಿರಲಿಲ್ಲ, ಕೆಮ್ಮು ಕೂಡ ಇಲ್ಲ. ಏನೂ ನಡೆಯುತ್ತಿಲ್ಲ ಎಂದುಕೊಂಡ.

ಆರೇಳು ನಿಮಿಷದ ಮೇಲೆ ಪರದೆ ತೆರೆಯಿತು. ಜನ ಒಬ್ಬೊಬ್ಬರಾಗಿ ಹೊರಬಂದರು. ಆ ಅಜ್ಜಿ ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಎರಡು ದೇಶದವರೂ ಒಬ್ಬರಿಗೊಬ್ಬರು ಬಾಗಿ ಬೀಳ್ಕೊಂಡರು. ಕೊನೆಗೆ ಜಯದೇವ ಬಂದ. ಗುರುರಾಜನನ್ನು ನೋಡಿ ಅವನ ಭುಜದ ಮೇಲೊಂದು ಕೈ ಇಟ್ಟು, ಏನೂ ಅನ್ನದೆ ಮುಂದೆ ಹೋದ. ಜಯದೇವ ಸುಮ್ಮನಿದ್ದದ್ದು ನೋಡಿದಾಗಲೇ ಗುರುರಾಜನಿಗೆ ಅರ್ಥವಾಯಿತು.

“ಬಂತಾ?” ಎಂದ ವೇದವಲ್ಲಿಗೆ.

ಅವಳು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತ ಮೇಲೆ ಬಾಯಿ ಬಿಟ್ಟಳು. “ಕಪ್ಪು ಕೇಸರ ಕಣ್ರೀ. ಇಷ್ಟು ಅಗಲ ಮುಖ. ದಿಬ್ಬದ ಮೇಲಿಂದ ಇಳಿದು ಬಂತು, ಅವಸರಾನೇ ಇಲ್ಲ, ನಮ್ಮ ತಾತ ಸಂಧ್ಯಾವಂದನೆ ಮುಗಿಸಿ ಬರೋ ಹಾಗೆ. ಬಂದು ನದಿ ಮಧ್ಯ ಮಲಗ್ತು. ಆ ಕ್ಯಾಮೆರಾಲೂ ಅದೇ, ಈ ಕ್ಯಾಮೆರಾಲೂ ಅದೇ. ತಲೆ ನಮ್ಮ ದೇಶದಲ್ಲಿ, ಬಾಲ ನಿಮ್ಮ ದೇಶದಲ್ಲಿ. ಟೇಪು ಸರಿಯಾಗಿ ಹೊಟ್ಟೆ ಕೆಳಗೆ. ಆಮೇಲೆ ತಲೆ ಎತ್ತಿ ನಮ್ಮನ್ನೇ ನೋಡ್ತು. ನೋಡ್ತಾನೇ ಇತ್ತು. ನನಗೆ ಕೈ ಮುಗೀಬೇಕು ಅನ್ನಿಸ್ತು, ಮುಗಿದೆ. ನನ್ನ ಪಕ್ಕದವರೂ ಮುಗಿದ್ರು.”

“ನನ್ನ ಕರೀಬಾರ್ದಾಗಿತ್ತಾ?”

“ಕರೆದೆ!” ಎಂದಳು ಸ್ಫೂರ್ತಿ. “ಐ ಟೋಲ್ಡ್ ಯೂ ತ್ರೀ ಟೈಮ್ಸ್. ಇರು, ಇರು, ಇರು ಅಂತ.”

“ಕನ್ನಡದಲ್ಲಿ ಅಲ್ವಾ ನೀನು ಅಂದಿದ್ದು?”

ಮಗು ತಲೆ ತಗ್ಗಿಸಿತು. “ಸಾರಿ ಅಪ್ಪ. ಅದನ್ನ ನೋಡಿದ ತಕ್ಷಣ... ಬಾಯಿಗೆ ಅದೇ ಬಂತು.”

ಗುರುರಾಜನಿಗೆ ಬೈಯಲು ಮನಸ್ಸಾಗಲಿಲ್ಲ. ಅವನು ಆಗಲೇ ಮೊರಿತಾ ಸಾನ್‌ಳನ್ನು ಇನ್ನೊಮ್ಮೆ ತೋರಿಸಲಾದೀತೇ ಎಂದು ಕೇಳಿ ಬಂದಿದ್ದ. ಕಳ್ಳಬೇಟೆಗಾರರಿಗೆ ಜಾಗ ತಿಳಿದೀತೆಂಬ ಭಯಕ್ಕೆ ಯಾವುದನ್ನೂ ರೆಕಾರ್ಡ್ ಮಾಡುವುದಿಲ್ಲವೆಂದು ಹೇಳಿ ಅವಳು ಸೊಂಟದವರೆಗೆ ಬಾಗಿದ್ದಳು. “ಹಾಗಾದ್ರೆ ಬಿಸಿನೀರಿನ ಬುಗ್ಗೆ ಬುಕ್ ಮಾಡ್ತೀನಿ,” ಎಂದ.

“ಯಾಕೆ? ಆಫ್ರಿಕಾಗೇ ಹೋಗ್ಬೇಕು,” ಎಂದಳು ವೇದವಲ್ಲಿ. ಅವಳ ಕಣ್ಣು ಇನ್ನೂ ಕಾಶಿವಾಕ್ಕೆ ಮರಳಿರಲಿಲ್ಲ. “ಪರದೆ ಮೇಲೇ ಹೀಗಾದ್ರೆ, ಎದುರಿಗೆ ಹೇಗಿರಬೇಡ. ಡಿಸೆಂಬರ್‌ಗೇ ಹೋಗ್ಬೇಕು.”

ಗುರುರಾಜನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅವಳ ಮನಸ್ಸು ಬದಲಾಗುವ ಮೊದಲೇ ಆಗಲೆಂದು ಮೊಬೈಲ್ ತೆಗೆದ. “ಈಗ್ಲೇ ನೋಡ್ತೀನಿ. ಎರಡು ದೊಡ್ಡವರದು, ಒಂದು ಮಗುದು.”

“ಒಂದು ದೊಡ್ಡವರದು, ಒಂದು ಮಗುದು.”

ಅವನ ಬೆರಳು ನಿಂತಿತು.

“ಬೇಜಾರು ಮಾಡ್ಕೋಬೇಡಿ,” ಎಂದಳು ವೇದವಲ್ಲಿ, ನಿಜವಾಗಿಯೂ ಮರುಕದಿಂದ. “ಅದನ್ನ ನಾನು ಕಣ್ಣಾರೆ ನೋಡ್ಬೇಕು. ನೀವು ಜೊತೆಗೆ ಬಂದ್ರೆ ಆಗಲ್ಲ ಅಂತ ನಿಮಗೂ ಗೊತ್ತು. ನೀವು ಇಲ್ಲೇ ಇರಿ.”

“ನಾನು ಊಟಕ್ಕೆ ಕರೀತೀನಿ ಬಿಡು ಗುರು. ಒಬ್ಬನೇ ಇರ್ತೀಯ,” ಎಂದ ಜಯದೇವ. ಅವನಿಗೆ ಮಾತು ಮರಳಿ ಬಂದಿತ್ತು.

ಬಸ್ಸು ಬಂದು ನಿಂತಿತು. ಜಯದೇವ ಹತ್ತಿದ, ವೇದವಲ್ಲಿ ಹತ್ತಿದಳು. ಸ್ಫೂರ್ತಿ ಶೂ ಲೇಸು ಬಿಚ್ಚಿದ್ದು ಕಂಡು ಫುಟ್‌ಪಾತಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು. “ಅಪ್ಪ, ಇರು.”

ಗುರುರಾಜ ಸಿಡಿದವನಂತೆ ತಿರುಗಿದ. ಈ ಸಲ ತಪ್ಪಬಾರದು. ಹಿಂದಿನ ಬಿದಿರಿನ ಪೊದೆಯತ್ತ ಎರಡು ಹೆಜ್ಜೆ ಹಾಕಿ, ಹುಬ್ಬಿನ ಮೇಲೆ ಕೈಯಿಟ್ಟು, ಎಲೆ ಎಲೆಯ ನಡುವೆ ಹುಡುಕಿದ. “ಎಲ್ಲಿ? ಎಲ್ಲಿ ಮರಿ?”

ಲೇಸು ಕಟ್ಟಿ ಮುಗಿಸಿದ ಮಗು ಬಸ್ಸು ಹತ್ತಿಯಾಗಿತ್ತು. ಬಾಗಿಲು ಮುಚ್ಚುವ ಸದ್ದಿಗೆ ಅವನು ತಿರುಗಿದಾಗ, ಹೊತ್ತಿಗೆ ಸರಿಯಾಗಿ ಬಸ್ಸು ಹೊರಟಿತ್ತು.

ಹಿಂದಿನ ಗಾಜಿಗೆ ಮೂಗು ಒತ್ತಿ ಸ್ಫೂರ್ತಿ ಅವನತ್ತ ಏನೋ ಕೂಗುತ್ತಿದ್ದಳು. ದನಿ ಕೇಳಿಸಲಿಲ್ಲ, ತುಟಿ ಮಾತ್ರ ಕಂಡಿತು. ಎರಡೇ ಅಕ್ಷರ. ಯಾವ ಭಾಷೆಯದೆಂದು ತಿಳಿಯದೆ ಗುರುರಾಜ ಮೊದಲು ಬಿದಿರಿನ ಪೊದೆಯನ್ನೊಮ್ಮೆ ತಿರುಗಿ ನೋಡಿದ. ಆಮೇಲೆ ಬೆಂಚಿನ ಮೇಲೆ ಕೂತು ಕಾಯತೊಡಗಿದ.